ಬಂಡಿ ಬವಣೆ: ಪ್ಲಗ್ ಮತ್ತೆ ಮತ್ತೆ ಕಪ್ಪಾಗುವುದೇಕೆ?

ಪ್ರಶ್ನೆ: ನನ್ನದು 1992ರ ಮಾರುತಿ 800, ಕಾರ್ಬುರೇಟರ್ ಗಾಡಿ. ಬೆಳಿಗ್ಗೆ ವಿದ್ಯಾನಗರದ ಮನೆಯಿಂದ ಕುಂದುವಾಡ ಕೆರೆಗೆ ವಾಯುವಿಹಾರಕ್ಕೆ ಹೋಗುತ್ತೇನೆ, ಬರುವಾಗ ತರಕಾರಿ ತರುತ್ತೇನೆ. ಗಾಡಿಗೆ ಇರುವ ಕೆಲಸ ಅಷ್ಟೇ. ಒಂದೆರಡು ತಿಂಗಳಿಗೊಮ್ಮೆ ಎಂಜಿನ್ ಮಿಸ್ ಹೊಡೆಯುತ್ತದೆ, ತಡೆತಡೆದು ಓಡುತ್ತದೆ. ಬಿಚ್ಚಿ ನೋಡಿದರೆ ಪೆಟ್ರೋಲಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಮೂರೂ ಒಂದೇ ಸಮ ಕಪ್ಪು. ಹೊಸದು ಹಾಕಿಸಿದರೆ ಸರಿಹೋಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಈಗಿನ ಪೆಟ್ರೋಲೇ ಹೀಗೆ ಎನ್ನುತ್ತಾರೆ ಒಬ್ಬ ಮೆಕ್ಯಾನಿಕ್. ಎಂಜಿನ್ ಇಳಿಸಿ ರಿಂಗ್ ಹಾಕಿಸಿ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ, ಮೇಷ್ಟ್ರೇ. ಮೂರೂ ಪ್ಲಗ್ ಒಂದೇ ಸಮ ಕಪ್ಪಾಗಿವೆ ಎಂದು ಬರೆದಿದ್ದೀರಿ, ಅರ್ಧ ತನಿಖೆ ಅಲ್ಲಿಗೇ ಮುಗಿಯಿತು. ಪಿಸ್ಟನ್ನಿನ ಸುತ್ತ ಆಯಿಲ್ ತಡೆಯುವ ರಿಂಗ್ ಸವೆದಿದ್ದರೆ, ಸಿಲಿಂಡರಿನ ಬಾಯಿ ತೆರೆದು ಮುಚ್ಚುವ ವಾಲ್ವ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದು ಸಿಲಿಂಡರ್ ಮುಂದೆ, ಇನ್ನೊಂದು ಹಿಂದೆ ಇರುತ್ತದೆ. ಮೂರೂ ಸೇರಿ ಒಂದೇ ಬಣ್ಣಕ್ಕೆ ತಿರುಗಿವೆ ಎಂದರೆ ಮೂರಕ್ಕೂ ಹಂಚಿಕೆಯಾದ ಯಾವುದೋ ಒಂದು ಕೆಟ್ಟಿದೆ: ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್, ತಣ್ಣನೆಯ ಎಂಜಿನ್ ಚಾಲೂ ಆಗಲೆಂದು ಗಾಳಿ ತಗ್ಗಿಸುವ ಚೋಕ್, ಏರ್ ಫಿಲ್ಟರ್, ಇಲ್ಲವೇ ಎಂಜಿನ್ನಿನ ಕಾವು.

ಮೊದಲು ಆ ಕಪ್ಪನ್ನು ಬೆರಳಿನಿಂದ ಮುಟ್ಟಿ ನೋಡಿ. ಲಾಟೀನಿನ ಬತ್ತಿ ಏರಿಸಿದಾಗ ಗಾಜಿಗೆ ಕೂರುವ ಮಸಿಯ ಹಾಗೆ ಒಣಗಿ ನಯವಾಗಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ ಎಂದರ್ಥ. ಜಿಡ್ಡಾಗಿ ಹೊಳೆಯುತ್ತಿದ್ದರೆ ಎಂಜಿನ್ ಆಯಿಲ್. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕಿಡಿಯೇ ಸರಿಯಾಗಿ ಬರುತ್ತಿಲ್ಲ. ನಿಮ್ಮದು ಒಣ ಮಸಿ ಎಂದೇ ನನ್ನ ಊಹೆ. ಮಸಿಯಲ್ಲಿ ವಿದ್ಯುತ್ ಹರಿಯುತ್ತದೆ. ಪಿಂಗಾಣಿಯ ಮೂತಿಗೆ ಅದು ದಪ್ಪಗೆ ಕೂತರೆ ಕಿಡಿಯಾಗಬೇಕಾದ ವಿದ್ಯುತ್ ಎದುರಿನ ತುದಿಗೆ ಹಾರುವ ಬದಲು ಮಸಿಯ ಮೇಲೆಯೇ ಇಳಿದು ಪ್ಲಗ್ಗಿನ ಮೈಗೆ ಸೇರಿಹೋಗುತ್ತದೆ. ಮಿಸ್ ಹೊಡೆಯುವುದು ಅದಕ್ಕೆ.

ಪೆಟ್ರೋಲನ್ನು ಬೈಯುವವರಿಗೆ ಒಂದು ಮಾತು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ, ನಿಜ. ಆದರೆ ಎಥೆನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆಯೇ ಹೊರತು ದಪ್ಪವಾಗುವುದಿಲ್ಲ, ಅಂದರೆ ಮಸಿ ಕೂರಿಸುವಷ್ಟು ಪೆಟ್ರೋಲ್ ಹೆಚ್ಚಾಗುವುದಿಲ್ಲ. ಹಳೆಯ ರಬ್ಬರ್ ಪೈಪು, ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನೊಳಗಿನ ಪೊರೆ (ಡಯಾಫ್ರಮ್) ಅದರಿಂದ ಹಾಳಾಗಬಹುದು, ಅದು ಬೇರೆ ದೂರು. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಕಡ್ಡಿ ಎಳೆದು ಮೂಸಿ ನೋಡಿ. ಆಯಿಲ್‌ಗೆ ಪೆಟ್ರೋಲ್ ವಾಸನೆ ಇದ್ದರೆ ಡಯಾಫ್ರಮ್ ಹರಿದು ಪೆಟ್ರೋಲ್ ಒಳಗೆ ಇಳಿಯುತ್ತಿರಬಹುದು. ಹಾಗಿದ್ದರೆ ಗಾಡಿ ಓಡಿಸಲೇಬೇಡಿ.

ಈಗ ನನ್ನ ನಿಜವಾದ ಅನುಮಾನ: ನಿಮ್ಮ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಇಲ್ಲ. ಚಿತ್ರದುರ್ಗ, ದಾವಣಗೆರೆಯ ಬಿಸಿಲಿಗೆ ಗಾಡಿ ಕುದಿಯುತ್ತದೆ ಎಂದು ಅದನ್ನು ಕಿತ್ತು ಮೂಲೆಗೆ ಎಸೆಯುವ ಅಭ್ಯಾಸ ನಮ್ಮ ಕಡೆ ಎಷ್ಟು ಹಳೆಯದೆಂದರೆ, ಹಳೆಯ ಗಾಡಿ ಬಂದರೆ ನಾನು ಬಾನೆಟ್ ಎತ್ತುವ ಮೊದಲು ಅದನ್ನೇ ಕೇಳುತ್ತೇನೆ. ನೀರು ಸುಮಾರು 80 ಡಿಗ್ರಿಗೆ ಬರುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆದು ಎಂಜಿನ್ನನ್ನು ಬೇಗ ಕಾಯಿಸುವುದು ಅದರ ಕೆಲಸ. ಅದಿಲ್ಲದಿದ್ದರೆ ಕುಂದುವಾಡ ಕೆರೆ ಬಂದರೂ ಎಂಜಿನ್ ಇನ್ನೂ ತಣ್ಣಗೇ ಇರುತ್ತದೆ. ತಣ್ಣನೆಯ ಎಂಜಿನ್ ನಿಲ್ಲುತ್ತದೆ ಎಂದು ನೀವು ಚೋಕ್ ಎಳೆದೇ ಓಡಿಸುತ್ತೀರಿ. ಪ್ಲಗ್ಗಿನ ಮೂತಿ 450–500 ಡಿಗ್ರಿ ಮುಟ್ಟಿದರೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ನಿಮ್ಮ ದಾರಿಯಲ್ಲಿ ಆ ಕಾವು ಬರುವ ಹೊತ್ತಿಗೆ ನೀವು ಗಾಡಿ ನಿಲ್ಲಿಸಿ ವಾಯುವಿಹಾರಕ್ಕೆ ಹೊರಟಿರುತ್ತೀರಿ. (ಕೆರೆಯವರೆಗೂ ನಡೆದೇ ಹೋದರೆ ಪ್ಲಗ್ಗಿನ ಖರ್ಚೇ ಇಲ್ಲ, ಆದರೆ ಅದು ನನ್ನ ಅಂಕಣದ ವಿಷಯವಲ್ಲ.)

ಪರೀಕ್ಷೆಗೆ ಕಾಸು ಬೇಡ. ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿ, ಫ್ಯಾನು ಮತ್ತು ಬೆಲ್ಟಿನಿಂದ ಕೈ ದೂರವಿಟ್ಟು ರೇಡಿಯೇಟರಿನ ಮೇಲಿನ ಪೈಪನ್ನು ಆಗಾಗ ಮುಟ್ಟಿ ನೋಡಿ. ಥರ್ಮೋಸ್ಟಾಟ್ ಇದ್ದರೆ ಪೈಪು ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಇಲ್ಲದಿದ್ದರೆ ಮೊದಲಿನಿಂದಲೂ ನಿಧಾನವಾಗಿ ಬೆಚ್ಚಗಾಗುತ್ತ ಹೋಗುತ್ತದೆ, ಕಾವಿನ ಮುಳ್ಳು ಕೆಳಗೇ ಮಲಗಿರುತ್ತದೆ. ಹೊಸದನ್ನು ಹಾಕಿಸುವಾಗ 'ಕುದಿಯುತ್ತದೆ ಸಾರ್' ಎಂದು ಯಾರಾದರೂ ಹೆದರಿಸಿದರೆ, ರೇಡಿಯೇಟರ್ ಕಟ್ಟಿದೆಯೇ, ಫ್ಯಾನು ತಿರುಗುತ್ತಿದೆಯೇ ನೋಡಲು ಅವರಿಗೇ ಹೇಳಿ. ಗಾಡಿ ಕುದಿಯುವುದು ಅವುಗಳಿಂದ.

ಜೊತೆಗೆ ಏರ್ ಫಿಲ್ಟರಿನ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಡ್ಯಾಶ್‌ಬೋರ್ಡಿನ ಚೋಕ್ ಗುಬುಟನ್ನು ಪೂರ್ತಿ ಒಳಗೆ ಒತ್ತಿದಾಗ ಕಾರ್ಬುರೇಟರಿನ ಬಾಯಲ್ಲಿರುವ ತಗಡು ನೆಟ್ಟಗೆ ನಿಲ್ಲಬೇಕು. ಕೇಬಲ್ ತುಕ್ಕು ಹಿಡಿದಿದ್ದರೆ ಗುಬುಟು ಒಳಗೆ ಹೋಗಿರುತ್ತದೆ, ತಗಡು ಅರ್ಧ ಮುಚ್ಚಿಯೇ ಇರುತ್ತದೆ. ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ, ಅಕ್ಕಿ ಗಿರಣಿಗಳ ಊರಿನಲ್ಲಿ ಅದಕ್ಕೆ ಆಯುಸ್ಸು ಕಡಿಮೆ.

ಇನ್ನೊಂದು, ಪ್ಲಗ್ಗಿನ ಮೇಲೆ ಬರೆದ ಅಂಕಿ. ಎನ್‌ಜಿಕೆ ಪ್ಲಗ್ಗಿನಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣಗೆ (ಅಂದರೆ ಕಾವನ್ನು ಬೇಗ ಬಿಟ್ಟುಕೊಡುತ್ತದೆ), ಹಿಂದೆ ಮೈಕೋ ಎನ್ನುತ್ತಿದ್ದ ಬಾಷ್ ಪ್ಲಗ್ಗಿನಲ್ಲಿ ಅಂಕಿ ಏರಿದಂತೆ ಬಿಸಿ. ಈ ಉಲ್ಟಾ ಲೆಕ್ಕ ಗೊತ್ತಿಲ್ಲದೆ ಕಂಪನಿ ಬದಲಿಸಿ ಅಂದಾಜಿನ ಮೇಲೆ ಪ್ಲಗ್ ಕೊಡುವ ಅಂಗಡಿಗಳಿವೆ. ಗಾಡಿಯ ಕೈಪಿಡಿಯಲ್ಲಿರುವ ಅಂಕಿಯನ್ನೇ ಕೇಳಿ. ಮಸಿ ಕೂರುತ್ತದೆಂದು ಬೇಕೆಂದೇ ಬಿಸಿ ಪ್ಲಗ್ ಹಾಕಿಸುವುದೂ ಬೇಡ, ಹೆದ್ದಾರಿಯಲ್ಲಿ ಅದು ಅತಿಯಾಗಿ ಕಾದು ಪಿಸ್ಟನ್ನಿಗೇ ಕಂಟಕವಾಗುತ್ತದೆ.

ಇಷ್ಟಾದ ಮೇಲೆ ಹೊಸ ಪ್ಲಗ್ ಹಾಕಿಸಿ, ಹೆದ್ದಾರಿಯಲ್ಲಿ ಆನಗೋಡು ದಾಟಿ ಭರಮಸಾಗರದ ಕಡೆ ಒಂದೇ ವೇಗದಲ್ಲಿ ಓಡಿಸಿ. ಸುರಕ್ಷಿತವಾದ ಜಾಗದಲ್ಲಿ ಬದಿಗೆ ನಿಲ್ಲಿಸಿ ತಕ್ಷಣ ಎಂಜಿನ್ ಆರಿಸಿ. ಐಡ್ಲಿಂಗ್‌ನಲ್ಲಿ ಬಿಟ್ಟರೆ ಪ್ಲಗ್ ಸುಳ್ಳು ಹೇಳುತ್ತದೆ. ತಣ್ಣಗಾದ ಮೇಲೆ ಬಿಚ್ಚಿದಾಗ ಮೂತಿ ತಿಳಿ ಕಂದು ಬಣ್ಣಕ್ಕಿದ್ದರೆ ಕಾರ್ಬುರೇಟರ್ ಮುಟ್ಟಬೇಡಿ. ಆಗಲೂ ಕಪ್ಪಾಗಿದ್ದರೆ ಕಾರ್ಬುರೇಟರಿನೊಳಗೆ ಪೆಟ್ರೋಲ್ ಹೆಚ್ಚಾಗದಂತೆ ಕಾಯುವ ಫ್ಲೋಟಿನ ಮಟ್ಟ ಮತ್ತು ನೀಡಲ್ ವಾಲ್ವ್ ನೋಡಿಸಿ. ಹೊಗೆ ತಪಾಸಣೆ ಕೇಂದ್ರದಲ್ಲಿ ಪ್ರಮಾಣಪತ್ರ ಮಡಚಿ ಜೇಬಿಗೆ ಹಾಕುವ ಮೊದಲು ಇಂಗಾಲದ ಮಾನಾಕ್ಸೈಡಿನ ಅಂಕಿ ಓದಿ. ನಿಮ್ಮ ಕಾಲದ ಗಾಡಿಗೆ ಮಿತಿ ಶೇ. 3. ಅದರ ಆಸುಪಾಸಿನಲ್ಲಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರಶ್ನೆ: ನನ್ನ ಪ್ರೀಮಿಯರ್ ಪದ್ಮಿನಿಯ ಮೂರನೆಯ ಪ್ಲಗ್ ಮಾತ್ರ ಯಾವಾಗಲೂ ಎಣ್ಣೆ ಹಿಡಿಯುತ್ತದೆ. ಉಳಿದ ಮೂರು ಚೆನ್ನಾಗಿವೆ.
– ಓದುಗರು, ಚಳ್ಳಕೆರೆ

ಉತ್ತರ: ಎಣ್ಣೆ ಗಿರಣಿಗಳ ಊರಾದರೂ ಪ್ಲಗ್ಗಿಗೆ ಎಣ್ಣೆ ಬರಬಾರದು. ಮೊದಲು ಮೂರನೆಯ ಮತ್ತು ಎರಡನೆಯ ಪ್ಲಗ್ಗನ್ನು ಅದಲು ಬದಲು ಮಾಡಿ ಓಡಿಸಿ. ಆಮೇಲೂ ಮೂರನೆಯ ಸಿಲಿಂಡರಿನದೇ ಒದ್ದೆಯಾದರೆ ದೋಷ ಅಲ್ಲಿಯೇ ಇದೆ. ದುರ್ಗಕ್ಕೆ ಬಂದಾಗ ಜೋಗಿಮಟ್ಟಿಯ ಇಳಿಜಾರಿನಲ್ಲಿ ಗೇರಿನಲ್ಲೇ, ಆಕ್ಸಿಲರೇಟರ್ ಬಿಟ್ಟು ಇಳಿಯಿರಿ. ಕೆಳಗೆ ಬಂದು ಒತ್ತಿದಾಗ ನೀಲಿ ಹೊಗೆ ಭುಸ್ಸೆಂದರೆ ವಾಲ್ವಿನ ಕಡ್ಡಿ ಆಡುವ ಕೊಳವೆ, ಅಂದರೆ ವಾಲ್ವ್ ಗೈಡ್ ಸವೆದಿದೆ. ಏರು ಹತ್ತುವಾಗ ಹೊಗೆ ಒಂದೇ ಸಮ ಬಂದರೆ ರಿಂಗ್. ಖಚಿತವಾಗಬೇಕಾದರೆ ಸಿಲಿಂಡರಿನೊಳಗಿನ ಒತ್ತಡ, ಅಂದರೆ ಕಂಪ್ರೆಷನ್ ಅಳೆಸಿ, ಕಡಿಮೆಯಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಸಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಗೈಡ್ ಆದರೆ ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿದರೆ ಸಾಕು, ಇಡೀ ಎಂಜಿನ್ ಇಳಿಸಲು ಬಿಡಬೇಡಿ.

ಪ್ರಶ್ನೆ: ಕಪ್ಪಾದ ಪ್ಲಗ್ಗನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಹಾಕಬಹುದೇ?
– ಓದುಗರು, ಹೊಸದುರ್ಗ

ಉತ್ತರ: ದಾರಿಯಲ್ಲಿ ನಿಂತಾಗ ಊರು ಸೇರಲು ಸರಿ. ಉಳಿದಂತೆ ಬೇಡ. ಉಜ್ಜಿದ ಪುಡಿ ಪಿಂಗಾಣಿಯ ಸಂದಿನಲ್ಲಿ ಉಳಿದು ಸಿಲಿಂಡರಿಗೆ ಬೀಳುತ್ತದೆ, ತಂತಿ ಬ್ರಷ್ಷಾದರೆ ಪಿಂಗಾಣಿಯ ಮೇಲೆ ಲೋಹದ ಗೆರೆ ಬಿಡುತ್ತದೆ. ಹೊಸದನ್ನು ಹಾಕುವಾಗ ಎಂಜಿನ್ ತಣ್ಣಗಿರಲಿ, ಮೊದಲ ಸುತ್ತುಗಳನ್ನು ಸ್ಪ್ಯಾನರ್ ಇಲ್ಲದೆ ಕೈಯಿಂದಲೇ ತಿರುಗಿಸಿ. ಕೈಬಿಗಿಯಾದ ಮೇಲೆ ಹೊಸ ವಾಷರ್ ಇದ್ದರೆ ಸುಮಾರು ಅರ್ಧ ಸುತ್ತು ಸಾಕು.