ಪ್ರತಿಕ್ರಿಯೆ: ಮಳೆ ಕವರ್ ಹಾಕಿದರೂ ಯಾಣದ ಚಾರಣದಲ್ಲಿ ಬ್ಯಾಗ್ ಒಳಗೆಲ್ಲ ಒದ್ದೆ, ಉಂಚಳ್ಳಿ ಜಲಪಾತಕ್ಕೆ ಹೋಗುವಾಗ ಏನು ಮಾಡಲಿ?

ನೀರು ಬೆನ್ನಿನ ಕಡೆಯಿಂದ ಇಳಿದಿರಬೇಕು. ಕವರ್ ಹೊರಮೈಗೆ ಮಾತ್ರ, ಬೆನ್ನಿಗೆ ತಾಗುವ ಭಾಗ ತೆರೆದೇ ಇರುತ್ತದಲ್ವಾ, ಕುತ್ತಿಗೆಯಿಂದ ಇಳಿದ ನೀರು ಪಟ್ಟಿಯ ಹೊಲಿಗೆ ಹಿಡಿದು ಸೀದಾ ಒಳಗೆ ಹೋಗುತ್ತದೆ. ಬ್ಯಾಗ್ ನೋಡದೆ ಪಕ್ಕಾ ಹೇಳಲಾರೆ, ಮನೆಯಲ್ಲೇ ಆ ಕಡೆ ಒಂದು ಚೊಂಬು ನೀರು ಸುರಿದು ನೋಡಿ.

ಶಿರಸಿ ಪೇಟೆಯಲ್ಲಿ ಅಡಿಕೆ ಚೀಲದೊಳಗೆ ಹಾಕುವಂಥ ದಪ್ಪ ಪ್ಲಾಸ್ಟಿಕ್ ಕೊಟ್ಟೆ (ಚೀಲ) ತಗೊಳ್ಳಿ. ಖಾಲಿ ಬ್ಯಾಗಿಗೆ ಮೊದಲು ಅದನ್ನು ಇಳಿಸಿ, ಆಮೇಲೆ ಸಾಮಾನು ತುಂಬಿ. ಗಾಳಿ ಒತ್ತಿ ತೆಗೆದು, ಬಾಯಿ ತಿರುಚಿ ಮಡಚಿ, ಹಳೆ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿಯಾಗಿ ಕಟ್ಟಿ. ರಾತ್ರಿ ಬಟ್ಟೆ, ಬೆಂಕಿಪೊಟ್ಟಣ, ಔಷಧಿಗೆ ಒಳಗೇ ಇನ್ನೊಂದು ಕೊಟ್ಟೆ. ನೀರಿನ ಬಾಟಲಿ ಹೊರಗಿರಲಿ, ಎಷ್ಟೋ ಸಲ ಅದೇ ಸೋರಿರುತ್ತದೆ, ನಾವು ಸುಮ್ನೆ ಮಳೆಗೆ ಬೈಯುತ್ತೇವೆ. ಜೀನ್ಸ್ ಬೇಡವೇ ಬೇಡ.

ಇನ್ನು ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಕಾಲಿಗೆ ಹಚ್ಚಿದ ಉಪ್ಪು ಒಂದು ಹಳ್ಳ ದಾಟಿದರೆ ತೊಳೆದುಹೋಗುತ್ತದೆ. ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿ, ಉಂಬಳ ಬೂಟು ಹತ್ತುತ್ತಿರುವಾಗಲೇ ಅದಕ್ಕೆ ಮುಟ್ಟಿಸಿದರೆ ಉದುರುತ್ತದೆ. ಕಚ್ಚಿಯಾಗಿದ್ದರೆ ಎಳೀಬೇಡಿ, ಅದರ ಬಾಯಿಯಡಿ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ. ರಕ್ತ ಬೇಗ ನಿಲ್ಲುವುದಿಲ್ಲ, ಹೆದರದೆ ಒಣ ಬಟ್ಟೆ ಒತ್ತಿ ಹಿಡಿಯಿರಿ.