ಹಳೆ ಮನೆಯ ಅಡುಗೆಮನೆ: ಮೊದಲು ಗೋಡೆ ನೋಡಿ, ಆಮೇಲೆ ಕಪಾಟು

ಹಳೆ ಮನೆಯ ಅಡುಗೆಮನೆ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇವೆ. ಬಾಗಿಲು ಯಾವ ಬಣ್ಣ ಇರಲಿ, ಹಿಡಿಕೆ ಯಾವುದು ಹಾಕಲಿ ಅಂತ ಕೇಳುತ್ತೀರಿ. ಗೋಡೆಯಲ್ಲಿ ತೇವ ಇದೆಯಾ, ನೆಲ ಮಟ್ಟವಾಗಿದೆಯಾ ಅನ್ನೋದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಉತ್ತರ ಇರುವುದೇ ಅಲ್ಲಿ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ನಮ್ಮದು ನೂರು ವರ್ಷ ದಾಟಿದ ಮನೆ. ಗೋಡೆಗೆ ಕೂರಿಸುವ ಮಾಡ್ಯುಲರ್ ಕಿಚನ್ ಬೇಡ, ಬಿಡಿಬಿಡಿಯಾಗಿ ನಿಲ್ಲುವ ಕಪಾಟು, ಮೇಜು ಇಡೋಣ ಅಂದುಕೊಂಡಿದ್ದೇವೆ. ಹಣ ಕಡಿಮೆ ಇದೆ. ಯಾವ ಸೆಟ್ ಕೊಳ್ಳಲಿ?

ಸೆಟ್ ಕೊಳ್ಳಲೇಬೇಡಿ. ಬಿಡಿ ಸಾಮಾನು ಇಡುವ ನಿರ್ಧಾರ ಮಾತ್ರ ಸರಿಯಾಗಿದೆ. ಇಂದಿನ ಮಾಡ್ಯುಲರ್ ಕಿಚನ್‌ಗೆ ಮೂಲ ಅಂತ ಹೇಳುವುದು 1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೇಟೆ ಶ್ಯೂಟೆ-ಲಿಹೋಟ್ಸ್ಕಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು. ಅದು ಆಗ ಹೊಸದಾಗಿ ಕಟ್ಟುತ್ತಿದ್ದ ಮನೆಗಳಿಗೆಂದೇ ಅಳೆದು ಮಾಡಿದ್ದು. ನೇರ ಗೋಡೆ, ಮಟ್ಟದ ನೆಲ ಇದ್ದರೆ ಅದು ಚೆನ್ನಾಗಿ ಕೂರುತ್ತದೆ. ಹಳೆ ಮನೆಯಲ್ಲಿ ಇವೆರಡೂ ಸಿಗುವುದು ಅಪರೂಪ.

ಅಂಗಡಿಗೆ ಹೋಗುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಅಡಿ ಅಗಲದ ತೆಳು ಅಲ್ಯೂಮಿನಿಯಂ ಹಾಳೆಯನ್ನು (ಫಾಯಿಲ್) ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಹಾಳೆಯ ಹಿಂಬದಿ ಒದ್ದೆಯಾದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಮುಂಬದಿ ಮಾತ್ರ ಒದ್ದೆಯಾದರೆ ಅದು ಕೋಣೆಯ ಗಾಳಿಯಲ್ಲಿರುವ ಆವಿ. ಮೊದಲನೆಯದಕ್ಕೆ ಹೊರಗಿನ ಚರಂಡಿ, ಸೂರಿನ ನೀರು, ಗೋಡೆಗೆ ಒತ್ತಿಕೊಂಡ ಮಣ್ಣು ಇವನ್ನು ನೋಡಬೇಕು. ಎರಡನೆಯದಕ್ಕೆ ಗಾಳಿ ಓಡಾಡಲು ದಾರಿ ಮಾಡಬೇಕು. ಇದನ್ನು ಬಿಟ್ಟು ತೇವ ತಡೆಯುವ ಬಣ್ಣ ಬಳಿದುಕೊಡುತ್ತೇವೆ ಅಂತ ಬರುವವರನ್ನು ನಂಬಬೇಡಿ. ಹಳೆಯ ಸುಣ್ಣದ ಗಾರೆ ತೇವವನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಾರೆಯನ್ನೋ ಎಣ್ಣೆ ಬಣ್ಣವನ್ನೋ ಹಾಕಿದರೆ ನೀರು ಒಳಗೇ ಉಳಿದು ಇನ್ನಷ್ಟು ಮೇಲಕ್ಕೆ ಏರುತ್ತದೆ. ಒಂದೆರಡು ವರ್ಷ ಗೋಡೆ ಚಂದ ಕಾಣುತ್ತದೆ. ಆಮೇಲೆ ಗಾರೆ ಹಲಗೆ ಹಲಗೆಯಾಗಿ ಬೀಳುತ್ತದೆ. ದುಡ್ಡು ತೆಗೆದುಕೊಂಡವರು ಆಗ ಫೋನ್ ಎತ್ತುವುದಿಲ್ಲ.

ಗೋಡೆ ಒಣಗಿದ್ದರೂ ಕಪಾಟನ್ನು ಅದಕ್ಕೆ ಅಂಟಿಸಿ ಇಡಬೇಡಿ. ಹಿಂದೆ 4–5 ಸೆಂ.ಮೀ. ಜಾಗ ಬಿಡಿ. ಬಿಡಿ ಸಾಮಾನಿನ ದೊಡ್ಡ ಲಾಭವೇ ಇದು, ಅಲ್ವಾ? ಎಳೆದು ಹಿಂದೆ ಏನಾಗಿದೆ ಅಂತ ನೋಡಬಹುದು.

ಇನ್ನು ನೆಲ. ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ನೋಡಿ. ಓರೆ ಇದ್ದರೆ ನೆಲ ಒಡೆಯಬೇಡಿ. ತಿರುಗಿಸಿ ಎತ್ತರ ಹೊಂದಿಸುವ ಕಾಲಿರುವ ಸಾಮಾನು ಕೊಳ್ಳಿ. ಕಾಲು 10–15 ಸೆಂ.ಮೀ. ಇದ್ದರೆ ಕೆಳಗೆ ಗುಡಿಸಬಹುದು, ನೀರು ಸೋರಿದರೆ ಅವತ್ತೇ ಕಾಣುತ್ತದೆ.

ಇರುವ ಹಣದಲ್ಲಿ ದೊಡ್ಡ ಪಾಲು ಸಿಂಕ್ ಇರುವ ತುಂಡಿಗೆ ಹೋಗಬೇಕು. ಮೊದಲು ಹಾಳಾಗುವುದು ಅದೇ. ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರು ಅಂಟಿಸಿ ಒತ್ತಿದ ಹಲಗೆ, ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ, ಸ್ಕ್ರೂ ಹಿಡಿತವೂ ಹೋಗುತ್ತದೆ. ಸಿಂಕ್‌ಗೆ ನನ್ನ ಸಲಹೆ, ಹೋಟೆಲ್ ಅಡುಗೆಮನೆಯಿಂದ ಬರುವ ಸೆಕೆಂಡ್ ಹ್ಯಾಂಡ್ ಸ್ಟೀಲ್ ಸಿಂಕ್ ಮೇಜು. ಕಾಲು, ಕಟ್ಟೆ, ಸಿಂಕ್ ಎಲ್ಲಾ ಒಂದೇ ಆಗಿರುತ್ತದೆ. ಹಳೆ ಮನೆಗೆ ಸ್ಟೀಲ್ ಒಪ್ಪುವುದಿಲ್ಲ ಅನ್ನುತ್ತಾರೆ. ಪಕ್ಕದಲ್ಲಿ ಒಂದು ಮರದ ಮೇಜು ಇಟ್ಟು ನೋಡಿ, ಚೆನ್ನಾಗಿಯೇ ಒಪ್ಪುತ್ತದೆ. ಮರವೇ ಬೇಕು ಅಂದರೆ ನೀರಿಗೆ ಸುಲಭವಾಗಿ ಬಿಡದ ಫಿನಾಲಿಕ್ ಅಂಟಿನ ಪ್ಲೈವುಡ್ ಕೇಳಿ, ಕತ್ತರಿಸಿದ ಅಂಚನ್ನೆಲ್ಲಾ ಮುಚ್ಚಿಸಿ.

ಸಿಂಕ್ ಎಲ್ಲಿಡಬೇಕು ಅನ್ನೋದನ್ನು ಕೊಳಾಯಿ ಹೇಳುತ್ತದೆ, ನಿಮ್ಮ ಆಸೆಯಲ್ಲ. ಹೊರಹೋಗುವ ಪೈಪಿಗೆ ಮೀಟರಿಗೆ ಸುಮಾರು 2.5 ಸೆಂ.ಮೀ. ಇಳಿಜಾರು ಬೇಕು. ಕೋಣೆಯ ನಡುವೆ ಸಿಂಕ್ ಇಟ್ಟು ನೆಲ ಅಗೆಸುವುದು ಸುಮ್ನೆ ಖರ್ಚು. ಹೊರಗೋಡೆ ಪಕ್ಕ ಇಡಿ. ಉಳಿದ ಮೇಜುಗಳು ಎಲ್ಲಿದ್ದರೂ ನಡೆಯುತ್ತದೆ.

ಹಳೆ ಮೇಜಿನ ಮೇಲೆ ಗ್ರಾನೈಟ್ ಹಾಕುವ ಆಸೆ ಇದ್ದರೆ ತೂಕ ನೆನಪಿರಲಿ. 20 ಮಿ.ಮೀ. ದಪ್ಪದ ಚಪ್ಪಡಿ ಒಂದು ಚದರ ಮೀಟರಿಗೆ 54 ಕೆ.ಜಿ. ಹತ್ತಿರ ತೂಗುತ್ತದೆ. ಮೇಜನ್ನು ಪಕ್ಕದಿಂದ ತಳ್ಳಿ ನೋಡಿ. ಅಲ್ಲಾಡಿದರೆ ಮೊದಲು ಬಡಗಿಯಿಂದ ಅಡ್ಡಪಟ್ಟಿ ಹಾಕಿಸಿ. ಎತ್ತರವನ್ನು ಜಾಸ್ತಿ ಅಡುಗೆ ಮಾಡುವವರ ಮೈಗೆ ಹೊಂದಿಸಿ. ಮೊಣಕೈಯಿಂದ 10–15 ಸೆಂ.ಮೀ. ಕೆಳಗೆ ಇದ್ದರೆ ಬೆನ್ನು ನೋಯುವುದಿಲ್ಲ.

ಎತ್ತರದ ಬೀರುವನ್ನು ಮಾತ್ರ ಗೋಡೆಗೆ ಕಟ್ಟಲೇಬೇಕು. ಮಕ್ಕಳು ಬಾಗಿಲಿಗೆ ಜೋತುಬಿದ್ದರೆ ಅದು ಮುಂದಕ್ಕೆ ಬೀಳುತ್ತದೆ. ಮೆತ್ತನೆಯ ಗಾರೆಗೆ ಹೊಡೆದ ಸ್ಕ್ರೂ ಲೆಕ್ಕಕ್ಕಿಲ್ಲ. ಅದು ಗಟ್ಟಿ ಇಟ್ಟಿಗೆಯನ್ನೋ ಕಲ್ಲನ್ನೋ ಹಿಡಿದಿರಬೇಕು. ಹಾಗೆ ಹಿಡಿಯುವ ಜಾಗ ಸಿಗದಿದ್ದರೆ ಎತ್ತರದ ಬೀರುವೇ ಬೇಡ, ಗಿಡ್ಡ ಕಪಾಟು ಎರಡು ಇಡಿ.

ಪ್ರಶ್ನೆ: ಅಯಸ್ಕಾಂತ ಅಂಟದಿದ್ದರೆ ಅದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಂತೆ. ನಿಜವೇ?

ಸುಳ್ಳು. ಕಡಿಮೆ ಬೆಲೆಯ 202 ದರ್ಜೆಗೂ ಅಯಸ್ಕಾಂತ ಅಷ್ಟಾಗಿ ಅಂಟುವುದಿಲ್ಲ. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. 202ರಲ್ಲಿ ನಿಕಲ್ ಕಡಿಮೆ, ಬದಲಿಗೆ ಮ್ಯಾಂಗನೀಸ್ ಜಾಸ್ತಿ. ಅದು ಬೇಗ ತುಕ್ಕು ಹಿಡಿಯುತ್ತದೆ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಬರೆಯಲು ಒಪ್ಪದವರ ಹತ್ತಿರ ಕೊಳ್ಳಬೇಡಿ.

ಪ್ರಶ್ನೆ: ವಾಟರ್‌ಪ್ರೂಫ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಿಂಕ್ ಕೆಳಗೆ ಹಾಕಬಹುದೇ?

ಬೇಡ. ಆ ಹೆಸರಲ್ಲಿ ಮಾರುವ ಹಲಗೆ ಸಾಮಾನ್ಯವಾಗಿ ತೇವದ ಗಾಳಿಯನ್ನಷ್ಟೇ ತಡೆಯುತ್ತದೆ, ನಿಂತ ನೀರನ್ನಲ್ಲ.

ಪ್ರಶ್ನೆ: ಹಿಡಿಕೆ ಹಿತ್ತಾಳೆಯದ್ದಾ, ಕಬ್ಬಿಣದ್ದಾ?

ನಿಮ್ಮಿಷ್ಟ. ಯಾವಾಗ ಬೇಕಾದರೂ ಬದಲಾಯಿಸಬಹುದು.

ಪ್ರಶ್ನೆ: ಅಜ್ಜಿ ಕಾಲದ ಬೀರುವಿನ ಬಣ್ಣ ಉಜ್ಜಿ ತೆಗೆದು ಅಡುಗೆಮನೆಯಲ್ಲಿ ಇಡಬಹುದೇ?

ಮೊದಲು ಸಣ್ಣ ತೂತುಗಳಿವೆಯಾ, ಕೆಳಗೆ ಹೊಸ ಪುಡಿ ಬಿದ್ದಿದೆಯಾ ನೋಡಿ. ಪುಡಿ ಇದ್ದರೆ ಹುಳ ಒಳಗಿದೆ, ಅದು ಹೋಗುವ ತನಕ ಬೀರುವನ್ನು ಮನೆಯೊಳಗೆ ತರಬೇಡಿ. ಬಣ್ಣದ್ದು ಇನ್ನೂ ದೊಡ್ಡ ಚಿಂತೆ. ಹಳೆ ಎಣ್ಣೆ ಬಣ್ಣಗಳಲ್ಲಿ ಸೀಸ ಇರುವುದು ಮಾಮೂಲು. ಒಣ ಉಜ್ಜಿದರೆ ಆ ದೂಳು ಮನೆಯೆಲ್ಲಾ ಹರಡುತ್ತದೆ. ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಬಣ್ಣದ ಚೂರನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವ ತನಕ ಉಪ್ಪು ಕಾಗದ ಮುಟ್ಟಬೇಡಿ, ಮನೆಯಲ್ಲಿ ಗರ್ಭಿಣಿಯರೋ ಮಕ್ಕಳೋ ಇದ್ದರೆ ಬೀರುವನ್ನು ಬೇರೆ ಕಡೆ ಇಡಿ.