ನಡುರಸ್ತೆಯಲ್ಲಿ ಬೆಂಕಿ ಹಚ್ಚಿದರೆ ಬರೀ ದಂಡವೇ?

ಪ್ರಶ್ನೆ: ಶಿವಮೊಗ್ಗದ ವಿನೋಬನಗರದ ಅಡ್ಡರಸ್ತೆಯೊಂದರಲ್ಲಿ ನಮ್ಮ ಮನೆಯಿದೆ. ಈ ಸಲ ಕಾಮದಹನ ಮುಗಿದ ಮೇಲೆ, ನಡುರಾತ್ರಿ ನಾಲ್ಕೈದು ಯುವಕರು ರಸ್ತೆಯ ಮಧ್ಯೆ ಹಳೆಯ ಟೈರುಗಳನ್ನು ಪೇರಿಸಿ, ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದರು. ಪಕ್ಕದಲ್ಲಿ ಗಾಡಿಯಿದೆ, ಬೇಡ ಎಂದು ಕೂಗಿ ಹೇಳಿದರೂ ಕೇಳಲಿಲ್ಲ. ನನ್ನ ಸ್ಕೂಟರ್ ಪೂರ್ತಿ ಸುಟ್ಟುಹೋಯಿತು, ರಸ್ತೆಯ ಡಾಂಬರೂ ಕಿತ್ತುಬಂದಿದೆ. ಹುಡುಗಾಟಕ್ಕೆ ಮಾಡಿದ್ದು, ಹೆಚ್ಚೆಂದರೆ ದಂಡ ಕಟ್ಟಿದರಾಯಿತು ಎಂದು ಅವರ ಮನೆಯವರು ಹೇಳುತ್ತಿದ್ದಾರೆ. ಇದು ನಿಜವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜವಲ್ಲ. ಬೆಂಕಿಯ ವಿಷಯದಲ್ಲಿ ಅಜಾಗರೂಕತೆಗೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಅನ್ವಯಿಸುತ್ತದೆ. ಅದರಲ್ಲಿ ಗರಿಷ್ಠ ಶಿಕ್ಷೆ ಆರು ತಿಂಗಳ ಸೆರೆವಾಸ ಅಥವಾ 2,000 ರೂಪಾಯಿ ದಂಡ, ಇಲ್ಲವೇ ಎರಡೂ. ಆ ಮನೆಯವರು ಬಹುಶಃ ಇದನ್ನೇ ನೆಚ್ಚಿಕೊಂಡಿದ್ದಾರೆ. ಆದರೆ ನಿಮ್ಮ ಪ್ರಕರಣ ಅಜಾಗರೂಕತೆಯದ್ದೆಂದು ನನಗೆ ತೋರುವುದಿಲ್ಲ.

ಬೆಂಕಿಯಿಂದ ಯಾವುದೇ ಸ್ವತ್ತಿಗೆ ಕೇಡು ಮಾಡುವುದು ಅದೇ ಸಂಹಿತೆಯ 326(ಎಫ್) ಕಲಮಿನ ಅಪರಾಧವಾಗಿದ್ದು, ಅದಕ್ಕೆ ಏಳು ವರ್ಷಗಳವರೆಗೆ ಸೆರೆವಾಸ ಮತ್ತು ದಂಡವಿದೆ. ಅಲ್ಲಿ ಹಾನಿ ಮಾಡುವ ಉದ್ದೇಶವೇ ಇರಬೇಕೆಂದಿಲ್ಲ. ಹಾನಿಯಾಗುವ ಸಂಭವವಿದೆ ಎಂಬುದು ಹಚ್ಚಿದವನಿಗೆ ತಿಳಿದಿದ್ದರೂ ಸಾಕು. ಹೀಗಾಗಿ ಅಂದು ರಾತ್ರಿ ನೀವು ಕೂಗಿ ಹೇಳಿದ ಮಾತಿಗೆ ಈಗ ಬೆಲೆ ಬರುತ್ತದೆ: ಗಾಡಿಯಿದೆ ಎಂದು ಎಚ್ಚರಿಸಿದ ಮೇಲೂ ಪೆಟ್ರೋಲ್ ಸುರಿದವರು, ತಮಗೆ ತಿಳಿಯಲಿಲ್ಲವೆಂದು ನ್ಯಾಯಾಲಯದ ಮುಂದೆ ಹೇಳುವುದು ಕಷ್ಟ. ಕಾಮನ ಹೆಸರಿನಲ್ಲಿ ಹಿತ್ತಲ ಕಟ್ಟಿಗೆ, ಬೆರಣಿ ಎತ್ತಿಕೊಂಡು ಹೋಗುವ ಹುಡುಗರನ್ನು ನಮ್ಮ ಊರುಗಳು ನಕ್ಕು ಬಿಟ್ಟಿರಬಹುದು, ಆ ಸಲಿಗೆ ಸ್ಕೂಟರಿನವರೆಗೆ ಬರುವುದಿಲ್ಲ. (ಹಳೆಯ ದಂಡ ಸಂಹಿತೆಯ 435ನೇ ಕಲಮಿನಲ್ಲಿ ಸಾಮಾನ್ಯ ಸ್ವತ್ತಿಗೆ ಕನಿಷ್ಠ 100 ರೂಪಾಯಿ ನಷ್ಟವೆಂಬ ಮಿತಿಯಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದಿಲ್ಲ.)

ಇದೇ ಬೆಂಕಿ ವಾಸದ ಮನೆಯನ್ನೋ, ಅಡಿಕೆ ಮೂಟೆಗಳನ್ನು ಇಟ್ಟ ಗೋದಾಮನ್ನೋ ಸುಡುವ ಉದ್ದೇಶದಿಂದ, ಅಥವಾ ಸುಟ್ಟೀತೆಂದು ತಿಳಿದೂ ಹಚ್ಚಿದ್ದಾಗಿದ್ದರೆ 326(ಜಿ) ಅನ್ವಯಿಸಿ, ಶಿಕ್ಷೆ ಹತ್ತು ವರ್ಷ ಅಥವಾ ಜೀವಾವಧಿಯವರೆಗೆ ಹೋಗುತ್ತಿತ್ತು.

ಡಾಂಬರಿನ ವಿಷಯವನ್ನು ನೀವು ಕೊನೆಗೆ ಬರೆದಿದ್ದೀರಿ, ಆದರೆ ಕಾನೂನಿನ ದೃಷ್ಟಿಯಲ್ಲಿ ಅದು ಸಣ್ಣದಲ್ಲ. ಪಾಲಿಕೆಯ ರಸ್ತೆ ಸಾರ್ವಜನಿಕ ಸ್ವತ್ತು. 1984ರ ಸಾರ್ವಜನಿಕ ಸ್ವತ್ತು ಹಾನಿ ತಡೆ ಕಾಯ್ದೆಯ 4ನೇ ಕಲಂ ಪ್ರಕಾರ ಅದಕ್ಕೆ ಬೆಂಕಿಯಿಂದ ಕೇಡು ಮಾಡಿದವರಿಗೆ ಒಂದರಿಂದ ಹತ್ತು ವರ್ಷಗಳ ಕಠಿಣ ಸೆರೆವಾಸವಿದ್ದು, ವಿಶೇಷ ಕಾರಣಗಳನ್ನು ದಾಖಲಿಸಿದ ಹೊರತು ನ್ಯಾಯಾಲಯ ಒಂದು ವರ್ಷಕ್ಕಿಂತ ಕಡಿಮೆ ವಿಧಿಸುವಂತಿಲ್ಲ. ಈ ಕಾಯ್ದೆಯಡಿ ಬಂಧಿತರಾದವರಿಗೆ ಜಾಮೀನು ಕೊಡುವ ಮುನ್ನ ಸರ್ಕಾರದ ಕಡೆಯವರ ವಾದಕ್ಕೂ ಅವಕಾಶ ಕೊಡಬೇಕು. ದೂರಿನಲ್ಲಿ ಸ್ಕೂಟರಿನ ನಷ್ಟವನ್ನಷ್ಟೇ ಬರೆದು ರಸ್ತೆಯನ್ನು ಬಿಟ್ಟರೆ, ಈ ಕಲಂ ತನಿಖೆಯಲ್ಲಿ ಸೇರದೇ ಹೋಗಬಹುದು.

ಗುಂಪಿನಲ್ಲಿ ಹದಿನೆಂಟು ತುಂಬದವರಿದ್ದರೆ ಅವರ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ ನಡೆಯುತ್ತದೆ. ಕಡ್ಡಿ ಗೀರಿದವನು ಒಬ್ಬನೇ ಎಂಬ ವಾದವೂ ಉಳಿದವರನ್ನು ತಾನಾಗಿ ಪಾರುಮಾಡುವುದಿಲ್ಲ; ಎಲ್ಲರ ಉದ್ದೇಶ ಒಂದೇ ಆಗಿತ್ತೆಂದು ರುಜುವಾತಾದರೆ ಎಲ್ಲರೂ ಹೊಣೆಗಾರರೇ.

ಲಿಖಿತ ದೂರು ಕೊಟ್ಟು ಎಫ್‌ಐಆರ್ ಪ್ರತಿಯನ್ನು ಪಡೆಯಿರಿ, ಅದು ನಿಮಗೆ ಉಚಿತ. ಎದುರುಮನೆಯ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲೇ ಉಳಿಸಿಡಲು ಹೇಳಿ. ವಿಮೆ ಬರೀ ಥರ್ಡ್ ಪಾರ್ಟಿಯದ್ದಾಗಿದ್ದರೆ ಸ್ಕೂಟರಿನ ಹಣ ಅಲ್ಲಿ ಸಿಗುವುದಿಲ್ಲ. ಆಗ ಶಿಕ್ಷೆಯ ಜೊತೆಗೆ ಪರಿಹಾರವನ್ನೂ ಕೊಡಿಸುವಂತೆ ಸರ್ಕಾರಿ ಅಭಿಯೋಜಕರ ಮೂಲಕ ಕೇಳಿಕೊಳ್ಳಬಹುದು, ಸಿವಿಲ್ ದಾವೆಯ ದಾರಿಯೂ ಇದೆ. ಪೊಲೀಸರು ಬಂದು ಮಹಜರು ಮಾಡುವವರೆಗೆ ಸುಟ್ಟ ಗಾಡಿಯನ್ನು ಗುಜರಿಗೆ ಹಾಕಬೇಡಿ.